ಹಿಮ್ಮಡಿ ಎತ್ತಬೇಕಾ, ಊರಬೇಕಾ? ಗುದ್ದಿನ ಬಲ ಸೋರಿಹೋಗುವುದು ಎಲ್ಲಿ?

ಪ್ರಶ್ನೆ: ನನಗೆ 26 ವರ್ಷ, ಊರು ಹುಬ್ಬಳ್ಳಿ. ಮೂರು ವರ್ಷದಿಂದ ಕರಾಟೆ ಕಲಿಯುತ್ತಿದ್ದೇನೆ. ಗಾಳಿಯಲ್ಲಿ ಪಂಚ್ ಮಾಡಿದರೆ ಡ್ರೆಸ್ಸಿನ ತೋಳು 'ಪಟ್' ಅಂತ ಸದ್ದು ಮಾಡುತ್ತದೆ. ಆದರೆ ಹೆವಿ ಬ್ಯಾಗಿಗೆ ಹೊಡೆದರೆ ಬ್ಯಾಗ್ ಸುಮ್ನೆ ತೂಗಾಡುತ್ತದೆ, ಏಟು ಒಳಗೆ ಇಳಿದ ಹಾಗೆ ಅನಿಸುವುದೇ ಇಲ್ಲ. ನಮ್ಮ ಸೆನ್ಸೈ ಹಿಂಗಾಲಿನ ಹಿಮ್ಮಡಿ ನೆಲ ಬಿಡಬಾರದು ಅನ್ನುತ್ತಾರೆ. ಹೋದ ತಿಂಗಳು ಬಾಕ್ಸಿಂಗ್ ಕ್ಲಾಸಿಗೂ ಸೇರಿದೆ. ಅಲ್ಲಿನ ಕೋಚ್ ಹಿಮ್ಮಡಿ ಎತ್ತಿ ತಿರುಗಿಸು ಅನ್ನುತ್ತಾರೆ. ಯಾರ ಮಾತು ಕೇಳಲಿ? ಡಂಬೆಲ್ ಹಿಡಿದು ಪಂಚ್ ಮಾಡಿದರೆ ಪವರ್ ಬರುತ್ತದಾ? ಈಗ ಮಣಿಕಟ್ಟು ಬೇರೆ ನೋಯುತ್ತಿದೆ.

ಉತ್ತರ: ಮೊದಲು ಮಣಿಕಟ್ಟಿನ ಮಾತು. ನೋವು ಪೂರ್ತಿ ಹೋಗುವವರೆಗೆ ಬ್ಯಾಗ್ ಮುಟ್ಟಬೇಡಿ. ಹೆಬ್ಬೆರಳನ್ನು ಮೇಲಕ್ಕೆತ್ತಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಒಂದು ಪುಟ್ಟ ಗುಳಿ ಬೀಳುತ್ತದೆ. ಆ ಗುಳಿಯನ್ನು ಒತ್ತಿ ನೋಡಿ. ನೋವು ಅಲ್ಲೇ ಇದ್ದರೆ ಇವತ್ತೇ ಮೂಳೆ ಡಾಕ್ಟರ ಹತ್ತಿರ ಹೋಗಿ. ಅಲ್ಲಿ ಸ್ಕೇಫಾಯ್ಡ್ ಅನ್ನುವ ಸಣ್ಣ ಮೂಳೆ ಇದೆ. ಅದರ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಮತ್ತು ಅದು ಬೇಗ ಕೂಡಿಕೊಳ್ಳುವ ಮೂಳೆ ಅಲ್ಲ. 'ಎಕ್ಸ್‌ರೇ ನಾರ್ಮಲ್ ಬಂತು' ಅಂತ ಮರುದಿನವೇ ಬ್ಯಾಗಿಗೆ ಮರಳಿದ ಹುಡುಗರನ್ನು ನಾನು ನೋಡಿದ್ದೇನೆ. ಅದು ಬೇಡ.

ಈಗ ಹಿಮ್ಮಡಿಗೆ ಬರೋಣ. ನಿಮ್ಮ ಇಬ್ಬರು ಗುರುಗಳೂ ಸರಿಯಾಗಿಯೇ ಹೇಳಿದ್ದಾರೆ, ಯಾಕಂದರೆ ಅವರು ನಿಮ್ಮನ್ನು ನಿಲ್ಲಿಸುತ್ತಿರುವ ನಿಲುವೇ ಬೇರೆ ಬೇರೆ. ಕರಾಟೆಯ ಜೆಂಕುತ್ಸು ದಾಚಿ ಅನ್ನುವ ಉದ್ದ ನಿಲುವಿನಲ್ಲಿ ಕಾಲುಗಳ ನಡುವೆ ಅಂತರ ಜಾಸ್ತಿ. ಮುಂಗಾಲು ಬಾಗಿರುತ್ತದೆ, ಹಿಂಗಾಲು ಹಿಂದಕ್ಕೆ ಚಾಚಿರುತ್ತದೆ. ಆ ಹಿಂಗಾಲು ನೆಟ್ಟಗಾಗುವಾಗಲೇ ಸೊಂಟವನ್ನು ಮುಂದಕ್ಕೆ ತಳ್ಳುತ್ತದೆ. ಪಾದ ಓರೆಯಾಗಿ ಮುಂದಕ್ಕೇ ನೋಡುತ್ತಿರುವುದರಿಂದ ಹಿಮ್ಮಡಿ ಊರಿದ್ದರೂ ಸೊಂಟಕ್ಕೆ ತಿರುಗಲು ಜಾಗ ಸಿಗುತ್ತದೆ. ಬಾಕ್ಸಿಂಗ್ ನಿಲುವು ಚಿಕ್ಕದು. ಎರಡೂ ಮಂಡಿ ಸ್ವಲ್ಪ ಬಾಗಿರುತ್ತವೆ, ಹಿಂಗಾಲಿನ ಭಾರ ಮುಂಪಾದದ ಮೇಲಿರುತ್ತದೆ. ಅಲ್ಲಿ ಸೊಂಟ ಪೂರ್ತಿ ತಿರುಗಬೇಕಾದರೆ ಇಡೀ ಹಿಂಗಾಲು ಒಳಕ್ಕೆ ತಿರುಗಬೇಕು. ಹಿಮ್ಮಡಿಯನ್ನು ಊರಿಯೇ ಇಟ್ಟರೆ ಆ ತಿರುವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಮಂಡಿ ಬಾಗುವ ಕೀಲು, ತಿರುಚುವುದನ್ನು ಜಾಸ್ತಿ ತಾಳುವುದಿಲ್ಲ. ಹಾಗಾಗಿ ಬಾಕ್ಸಿಂಗ್ ಕ್ಲಾಸಿನಲ್ಲಿ ದಯವಿಟ್ಟು ಹಿಮ್ಮಡಿ ಎತ್ತಿ. ಡೋಜೋದಲ್ಲಿ, ಅಂದರೆ ಕರಾಟೆ ಕ್ಲಾಸಿನಲ್ಲಿ, ಸೆನ್ಸೈ ಹೇಳಿದ ಹಾಗೆ ಮಾಡಿ.

ಆದರೆ ಹಿಮ್ಮಡಿ ತಿರುಗಿದರೆ ಬಲ ಬಂದೇ ಬರುತ್ತದೆ ಅಂದುಕೊಳ್ಳಬೇಡಿ. ಎಷ್ಟೋ ಜನ ಹಿಂದಿನ ಪಾದವನ್ನು ಬೀಡಿ ತುಂಡು ಹೊಸಕಿದ ಹಾಗೆ ಹೊಸಕುತ್ತಾರೆ. ನೋಡುವುದಕ್ಕೆ ಚೆನ್ನಾಗಿರುತ್ತದೆ, ನೆಲಕ್ಕೆ ಮಾತ್ರ ಒತ್ತಡವೇ ಬಿದ್ದಿರುವುದಿಲ್ಲ. ಕಾಲು ನೆಲವನ್ನು ಹಿಂದಕ್ಕೆ ಒತ್ತಬೇಕು, ಆಗ ನೆಲ ನಿಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಆ ಒತ್ತುವಿಕೆ ಸರಿಯಾಗಿದ್ದರೆ ಚಿಕ್ಕ ನಿಲುವಿನಲ್ಲಿ ಹಿಮ್ಮಡಿ ತಾನಾಗಿಯೇ ಏಳುತ್ತದೆ. ಪರೀಕ್ಷೆ ಬೇಕಾದರೆ ನುಣುಪಾದ ಟೈಲ್ಸ್ ಮೇಲೆ ಸಾಕ್ಸ್ ಹಾಕಿಕೊಂಡು, ಗಾಳಿಯಲ್ಲಿ ನಿಧಾನವಾಗಿ ಒಂದು ಹಿಂಗೈ ಪಂಚ್ (ಹಿಂದೆ ಇಟ್ಟ ಕೈಯ ಪಂಚ್) ಮಾಡಿ. ಹಿಂದಿನ ಪಾದ ಹಿಂದಕ್ಕೆ ಜಾರಿದರೆ ನೀವು ನೆಲ ಒತ್ತುತ್ತಿದ್ದೀರಿ. ಅದು ಇದ್ದಲ್ಲೇ ಸುತ್ತಿದರೆ ಬರೀ ಹೊಸಕುತ್ತಿದ್ದೀರಿ.

ಕಾಲಿಗೆ ಇಷ್ಟು ಮಹತ್ವ ಯಾಕೆ ಅಂದರೆ, ಇದನ್ನು ಅಳೆದು ನೋಡಿದವರಿದ್ದಾರೆ. 1980ರ ದಶಕದಲ್ಲಿ ಸೋವಿಯತ್ ಸಂಶೋಧಕರು 120 ಬಾಕ್ಸರ್‌ಗಳ ನೇರ ಪಂಚನ್ನು ಪರೀಕ್ಷಿಸಿದರು. ನುರಿತವರಲ್ಲಿ ಬಲದ ನೂರಕ್ಕೆ ಸುಮಾರು 38 ಪಾಲು ಕಾಲಿನದು, 37 ಪಾಲು ಮುಂಡದ ತಿರುವಿನದು, ಕೈಯದು ಬರೀ 24. ಕೆಳ ದರ್ಜೆಯವರಲ್ಲಿ ಕೈಯ ಪಾಲು 38ಕ್ಕೆ ಏರಿತ್ತು, ಕಾಲಿನ ಪಾಲು 17ರ ಆಸುಪಾಸಿಗೆ ಇಳಿದಿತ್ತು. 2000ರಲ್ಲಿ ಪ್ರಕಟವಾದ ಇನ್ನೊಂದು ಅಳತೆಯಲ್ಲಿ ಉನ್ನತ ಮಟ್ಟದ ಬಾಕ್ಸರ್‌ಗಳ ಹಿಂಗೈ ಪಂಚ್ ಸರಾಸರಿ 4800 ನ್ಯೂಟನ್ ಇತ್ತು. ಆ ಒಂದು ಗಳಿಗೆಗೆ ಅದು ಹೆಚ್ಚು ಕಡಿಮೆ ಅರ್ಧ ಟನ್ ಭಾರಕ್ಕೆ ಸಮ. ಹೊಸಬರದು 2381, ಅಂದರೆ ಅರ್ಧಕ್ಕೆ ಅರ್ಧ. ನನಗೆ ಅದಕ್ಕಿಂತ ಕುತೂಹಲದ್ದು ಅನಿಸುವುದು ಬೇರೆ ಒಂದು ಅಂಕಿ. ಅದೇ ಉನ್ನತ ಮಟ್ಟದ ಬಾಕ್ಸರ್‌ಗಳ ಮುಂದಿನ ಕೈಯ ಪಂಚ್ 2847 ಮಾತ್ರ. ಒಬ್ಬನೇ ಮನುಷ್ಯನ ಎರಡು ತೋಳುಗಳ ಶಕ್ತಿಯಲ್ಲಿ ಅಷ್ಟೊಂದು ವ್ಯತ್ಯಾಸ ಇರುವುದಿಲ್ಲ, ಅಲ್ವಾ? ಹಿಂಗೈ ಹೊಡೆಯುವಾಗ ಸೊಂಟಕ್ಕೂ ಭುಜಕ್ಕೂ ತಿರುಗಿ ಬರಲು ದೂರ ಸಿಗುತ್ತದೆ. ಮುಂದಿನ ಕೈಗೆ ಆ ದೂರ ಇಲ್ಲ.

ಇಲ್ಲಿಯವರೆಗಿನದನ್ನು ನಿಮ್ಮ ಸೆನ್ಸೈ, ಕೋಚ್ ಇಬ್ಬರೂ ಹೇಳಿರುತ್ತಾರೆ. 'ಸೊಂಟ ತಿರುಗಿಸು' ಅನ್ನುವ ಮಾತು ಎಲ್ಲ ಕ್ಲಾಸಿನಲ್ಲೂ ಕೇಳುತ್ತದೆ. ನನ್ನ ಅನುಭವದಲ್ಲಿ ಮೂರು ವರ್ಷ ಕಲಿತವರ ತೊಂದರೆ ಸೊಂಟ ತಿರುಗಿಸುವುದರಲ್ಲಿ ಇರುವುದಿಲ್ಲ. ಅವರು ಸೊಂಟವನ್ನು ನಿಲ್ಲಿಸುವುದಿಲ್ಲ.

ಸಿಟಿ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದೀರಿ ಅಂದುಕೊಳ್ಳಿ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಬಸ್ ನಿಂತಿತು, ನೀವು ಮುಂದಕ್ಕೆ ಎಸೆದ ಹಾಗೆ ಹೋದಿರಿ. ಗುದ್ದಿನಲ್ಲಿ ಸೊಂಟ ಬಸ್ಸು, ಭುಜ ನಿಂತಿರುವ ಪ್ರಯಾಣಿಕ. ಸೊಂಟ ವೇಗವಾಗಿ ಬಂದು ಗಕ್ಕನೆ ನಿಂತರೆ ಭುಜ ಹಾರುತ್ತದೆ. ಭುಜ ನಿಂತರೆ ಮೊಣಕೈ ಹಾರುತ್ತದೆ, ಕೊನೆಗೆ ಮುಷ್ಟಿ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ನೋಡಿದ್ದರೆ ಇದು ತಕ್ಷಣ ಗೊತ್ತಾಗುತ್ತದೆ. ಒದ್ದೆ ಸೀರೆಯನ್ನು ತಲೆಯ ಮೇಲಿಂದ ಬೀಸುವವರ ಕೈ ಕೆಳಗೆ ಬಂದು ಒಂದು ಕಡೆ ನಿಲ್ಲುತ್ತದೆ, ಸೀರೆಯ ತುದಿ ಮುಂದೆ ಹೋಗಿ ಕಲ್ಲಿಗೆ ಬಡಿಯುತ್ತದೆ. ಕೈ ನಿಲ್ಲದೇ ಸೀರೆಯ ಜೊತೆಗೇ ಹೋದರೆ ಆ ಬಡಿತ ಬರುವುದಿಲ್ಲ.

ಈ ಬ್ರೇಕ್ ಹಾಕುವುದು ಮುಂಗಾಲು. ವೇಗದ ಬೌಲರ್ ಚೆಂಡು ಬಿಡುವ ಗಳಿಗೆಯಲ್ಲಿ ಮುಂಗಾಲನ್ನು ಹೇಗೆ ಕಂಬದ ಹಾಗೆ ಊರುತ್ತಾರೆ ಅಂತ ಟಿವಿಯಲ್ಲಿ ನಿಧಾನಗತಿಯಲ್ಲಿ ನೋಡಿರುತ್ತೀರಿ. ಓಡಿಬಂದ ವೇಗವೆಲ್ಲ ಅಲ್ಲಿ ತಡೆದು ಮೇಲಕ್ಕೆ ಏರುತ್ತದೆ. ಗುದ್ದಿನಲ್ಲೂ ಇದೇ ಕೆಲಸ, ಅಳತೆ ಚಿಕ್ಕದು ಅಷ್ಟೇ. ಹಿಂಗಾಲು ತಳ್ಳುತ್ತದೆ. ಮುಂಗಾಲು ನೆಲವನ್ನು ಕೆಳಕ್ಕೂ ಮುಂದಕ್ಕೂ ಒತ್ತಿ ಆ ತಳ್ಳುವಿಕೆಯನ್ನು ತಡೆಯುತ್ತದೆ. ಮುಂಗಾಲಿನ ಮಂಡಿ ಆ ಹೊತ್ತಿಗೆ ಮುಂದಕ್ಕೆ ಕುಸಿದರೆ ಬ್ರೇಕ್ ಬೀಳಲೇ ಇಲ್ಲ. ಸೊಂಟ ಜಾರುತ್ತಾ ಹೋಗುತ್ತದೆ, ತಲೆ ಮಂಡಿ ದಾಟಿ ಮುಂದೆ ಬಾಗುತ್ತದೆ, ಮೈಭಾರವೆಲ್ಲ ನಿಧಾನವಾಗಿ ಬ್ಯಾಗಿನ ಮೇಲೆ ಒರಗುತ್ತದೆ. ಬ್ಯಾಗ್ ತೂಗಾಡುತ್ತದೆ. ನೀವು ಬರೆದಿರುವುದು ಇದೇ ಅಂತ ನನಗೆ ಅನಿಸುತ್ತಿದೆ. ಅದು ಗುದ್ದಿಗಿಂತ ಜಾಸ್ತಿ ತಳ್ಳುವಿಕೆ.

ತಳ್ಳುವುದಕ್ಕೂ ಗುದ್ದುವುದಕ್ಕೂ ಇರುವ ವ್ಯತ್ಯಾಸ ಸಮಯದ್ದು. ಅದೇ ಬಲವನ್ನು ಉದ್ದಕ್ಕೆ ಹಂಚಿದರೆ ವಸ್ತು ಸರಿಯುತ್ತದೆ, ಚಿಕ್ಕ ಗಳಿಗೆಯಲ್ಲಿ ಸುರಿದರೆ ವಸ್ತು ಒಳಕ್ಕೆ ಕುಗ್ಗುತ್ತದೆ. 1964ರಲ್ಲಿ ಅಮೆರಿಕದ ಲಾಂಗ್ ಬೀಚ್‌ನಲ್ಲಿ ಬ್ರೂಸ್ ಲೀ ಒಂದಿಂಚು ದೂರದಿಂದ ಹೊಡೆದು ಒಬ್ಬರನ್ನು ಹಿಂದಿನ ಕುರ್ಚಿಗೆ ಕೆಡವಿದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ನಿಜಕ್ಕೂ ಅದ್ಭುತ. ಅಷ್ಟು ಹತ್ತಿರದಿಂದ ತೋಳಿಗೆ ಮಾಡಲು ಕೆಲಸವೇ ಇರುವುದಿಲ್ಲ, ಎಲ್ಲ ಕಾಲು ಸೊಂಟದಿಂದಲೇ ಬರಬೇಕು. ಆದರೆ ಎದುರಿನವರು ಎಷ್ಟು ದೂರ ಹೋಗಿ ಬಿದ್ದರು ಅನ್ನುವುದನ್ನು ಗುದ್ದಿನ ಅಳತೆಗೋಲು ಮಾಡಿಕೊಳ್ಳಬೇಡಿ. ಒಳ್ಳೆಯ ಗುದ್ದಿಗೆ ಬ್ಯಾಗ್ ಸ್ವಲ್ಪವೇ ಅಲುಗುತ್ತದೆ, ನಡುವೆ ಮಡಚಿದ ಹಾಗಾಗುತ್ತದೆ, ಸದ್ದು ಗಿಡ್ಡವಾಗಿ ಆಳವಾಗಿ ಬರುತ್ತದೆ. ಕಿವಿಗೆ ಅದು ಬೇಗ ಪರಿಚಯವಾಗುತ್ತದೆ.

ಇನ್ನು ಆ 'ಪಟ್' ಸದ್ದು. ಅದರ ಬಗ್ಗೆ ನಿಮಗೆ ಹೆಮ್ಮೆ ಇರಬಹುದು, ಮೊದಮೊದಲು ನನಗೂ ಇತ್ತು. ತೋಳು ವೇಗವಾಗಿ ಹೋಗಿ ಥಟ್ಟನೆ ನಿಂತಾಗ ಬಟ್ಟೆ ಮುಂದೆ ಹೋಗಿ ಆ ಸದ್ದಾಗುತ್ತದೆ. ಅಂದರೆ ಅದು ಕೈಗೆ ಬ್ರೇಕ್ ಬಿದ್ದ ಸದ್ದು. ಗಾಳಿಯಲ್ಲಿ ಹೊಡೆಯುವಾಗ ಮೊಣಕೈ ಉಳಿಯಬೇಕಾದರೆ ಆ ಬ್ರೇಕ್ ಬೇಕೇ ಬೇಕು, ತಪ್ಪೇನಿಲ್ಲ. ಆದರೆ ಮೂರು ವರ್ಷ ಸಾವಿರಾರು ಸಲ ಹಾಗೆ ಮಾಡಿದ ಮೇಲೆ ಕೈ ಅದನ್ನೇ ಕಲಿತಿರುತ್ತದೆ. ಬ್ಯಾಗಿನ ಮುಂದೆ ನಿಂತಾಗಲೂ ತೋಳಿನ ಮುಂಭಾಗದ ಸ್ನಾಯು ಮುಂಚಿತವಾಗಿಯೇ ಹಿಂದಕ್ಕೆ ಎಳೆಯುತ್ತದೆ. ಮುಷ್ಟಿಯ ವೇಗ ಅತಿ ಹೆಚ್ಚು ಇರುವುದು ಕೈ ಪೂರ್ತಿ ಚಾಚುವುದಕ್ಕೂ ಮೊದಲು, ಸುಮಾರು ಮುಕ್ಕಾಲು ಪಾಲು ಚಾಚಿದಾಗ. ಅಲ್ಲಿಂದ ಮುಂದೆ ಅದು ಇಳಿಯುತ್ತದೆ. ಗಾಳಿಯಲ್ಲಿ ನಿಮ್ಮ ಮುಷ್ಟಿ ನಿಲ್ಲುವ ಜಾಗದಲ್ಲೇ ಬ್ಯಾಗ್ ಇದ್ದರೆ, ವೇಗವೆಲ್ಲ ಸತ್ತ ಮೇಲೆ ಮುಷ್ಟಿ ಬ್ಯಾಗನ್ನು ಮುಟ್ಟುತ್ತದೆ. ಒಂದು ಗೇಣಿನಷ್ಟು ಹತ್ತಿರ ಹೋಗಿ ನಿಲ್ಲಿ. ಬ್ಯಾಗಿನ ಚರ್ಮ ನಿಮ್ಮ ಗುರಿ ಆಗಬಾರದು, ಅದರ ಹಿಂದೆ ನಾಲ್ಕು ಬೆರಳು ಒಳಗೆ ಗುರಿ ಇರಲಿ. ಇದೊಂದನ್ನೇ ಸರಿಮಾಡಿದರೂ ಅರ್ಧ ತೊಂದರೆ ಕಳೆಯಬಹುದು.

'ಇಡೀ ದೇಹದ ತೂಕ ಮುಷ್ಟಿಗೆ ಹಾಕು' ಅನ್ನುವ ಮಾತನ್ನೂ ಸ್ವಲ್ಪ ಬಿಡಿಸಿ ನೋಡೋಣ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಏಳು ಒಲಿಂಪಿಕ್ ಬಾಕ್ಸರ್‌ಗಳಿಂದ ಯಂತ್ರದ ತಲೆಯೊಂದಕ್ಕೆ ಹೊಡೆಸಿದರು. ಮುಷ್ಟಿಯ ವೇಗ ಸರಾಸರಿ ಸೆಕೆಂಡಿಗೆ 9 ಮೀಟರ್ ಚಿಲ್ಲರೆ, ಅಂದರೆ ಗಂಟೆಗೆ 33 ಕಿಲೋಮೀಟರ್. ಪೇಟೆಯಲ್ಲಿ ಓಡುವ ಸ್ಕೂಟರಿನ ವೇಗ. ಆ ಏಟಿನ ಹಿಂದೆ ನಿಜವಾಗಿ ಕೆಲಸ ಮಾಡಿದ ತೂಕವನ್ನು ಲೆಕ್ಕ ಹಾಕಿದಾಗ ಬಂದದ್ದು ಸುಮಾರು 2.9 ಕೆಜಿ. ಇಷ್ಟೇನಾ ಅನಿಸಬಹುದು. ಆದರೆ ಇನ್ನೊಂದು ಲೆಕ್ಕ ನೋಡಿ. 70 ಕೆಜಿ ಮನುಷ್ಯನ ಮಣಿಕಟ್ಟಿನಿಂದಾಚೆಯ ಕೈಯ ತೂಕ ಅರ್ಧ ಕೆಜಿಗೂ ಕಡಿಮೆ. ತಾಗುವ ಗಳಿಗೆಯಲ್ಲಿ ಮಣಿಕಟ್ಟು ಮಡಚಿದರೆ ನೀವು ಹೊಡೆದದ್ದು ಆ ಅರ್ಧ ಕೆಜಿಯಿಂದ. ಮಣಿಕಟ್ಟು ನೇರ ಇದ್ದು, ಮೊಣಕೈ ಮುಷ್ಟಿಯ ಹಿಂದೆಯೇ ಇದ್ದು, ಭುಜ ಕಿವಿಯ ಕಡೆಗೆ ಏರದೆ ಕೂತಿದ್ದರೆ ಆ ಅರ್ಧ ಮೂರಾಗುತ್ತದೆ. ಅದೇ ವೇಗಕ್ಕೆ ಆರು ಪಟ್ಟು ತೂಕ. ಮೈಯ ಉಳಿದ ಭಾರ ನೇರವಾಗಿ ಮುಷ್ಟಿಗೆ ಬರುವುದಿಲ್ಲ. ಅದು ಮುಷ್ಟಿಗೆ ವೇಗ ಕೊಟ್ಟು, ಹಿಂದೆ ಗೋಡೆಯ ಹಾಗೆ ನಿಲ್ಲುತ್ತದೆ.

ಮೊಣಕೈ ಹೊರಕ್ಕೆ ಚಾಚುವುದು ಇಲ್ಲಿ ದೊಡ್ಡ ಸೋರಿಕೆ. ಬಾವಿಯಿಂದ ತುಂಬಿದ ಕೊಡ ಎಳೆದು, ತೂತು ಕೊಳವೆಯಲ್ಲಿ ಸುರಿದ ಹಾಗೆ. ಗೋಡೆಗೆ ಬಲ ಭುಜ ತಾಗುವಷ್ಟು ಹತ್ತಿರ ನಿಂತು, ಗೋಡೆಗೆ ಮೊಣಕೈ ಉಜ್ಜದ ಹಾಗೆ ಬಲಗೈ ಪಂಚನ್ನು ನಿಧಾನವಾಗಿ ಮಾಡಿ ನೋಡಿ. ಎಲ್ಲಿ ಅದು ಹೊರಗೆ ಓಡುತ್ತಿದೆ ಅಂತ ಗೋಡೆಯೇ ಹೇಳುತ್ತದೆ.

ಈಗ ಬಿಗಿಯ ವಿಷಯ. ಕರಾಟೆಯಲ್ಲಿ ಇದನ್ನು ಕಿಮೆ ಅನ್ನುತ್ತಾರೆ. ತಾಗುವ ಗಳಿಗೆಯಲ್ಲಿ ಮೈಯೆಲ್ಲ ಬಿಗಿಯಾಗಬೇಕು ಅನ್ನುವುದು ಸರಿ. ಆದರೆ ಆ ಗಳಿಗೆ ಎಷ್ಟು ಚಿಕ್ಕದು ಗೊತ್ತಾ? 1985ರಲ್ಲಿ ಬ್ರಿಟನ್ನಿನ ಹೆವಿವೇಯ್ಟ್ ಬಾಕ್ಸರ್ ಫ್ರಾಂಕ್ ಬ್ರೂನೋ ಅವರ ಒಂದು ಪಂಚನ್ನು ಅಳೆದಾಗ, ತಾಗಿದ ಮೇಲೆ ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ 14 ಪಾಲು ಕಳೆಯುವುದರೊಳಗೆ ಬಲ ತುತ್ತತುದಿಗೆ ಏರಿತ್ತು. ಕಣ್ಣು ಮಿಟುಕಿಸಲು ಅದರ ಎಷ್ಟೋ ಪಟ್ಟು ಹೊತ್ತು ಬೇಕು. 'ತಾಗಿತು, ಈಗ ಬಿಗಿ ಮಾಡ್ತೀನಿ' ಅಂದುಕೊಳ್ಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಾಗಾಗಿ ಬಿಗಿ ತಾಗುವ ಸ್ವಲ್ಪ ಮೊದಲೇ ಶುರುವಾಗಬೇಕು, ತೀರಾ ಮೊದಲೂ ಆಗಬಾರದು.

ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಂಗಡಿಗರು 2010ರಲ್ಲಿ ಇದನ್ನು ಸ್ನಾಯುಗಳಲ್ಲೇ ಅಳೆದರು. ಉನ್ನತ ಮಟ್ಟದ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾಳಗ) ಪಟುಗಳ ಏಟಿನಲ್ಲಿ ಎರಡು ಬಿಗಿ ಕಂಡವು. ಒಂದು ಹೊರಡುವಾಗ, ಇನ್ನೊಂದು ತಾಗುವಾಗ. ನಡುವೆ ಸ್ನಾಯುಗಳು ಸಡಿಲ. ಹೊಸಬರು ಶುರುವಿನಿಂದ ಕೊನೆಯವರೆಗೆ ಬಿಗಿಯಾಗಿಯೇ ಇರುತ್ತಾರೆ ಅಂತ ನಾನು ದಿನಾ ನೋಡುತ್ತೇನೆ. ಹಲ್ಲು ಕಚ್ಚಿ, ಮುಷ್ಟಿ ಬಿಗಿದು, ಭುಜ ಎತ್ತಿ ಹೊಡೆಯುತ್ತಾರೆ. ಮುಷ್ಟಿ ಬಿಗಿದರೆ ಮುಂಗೈ ಬಿಗಿಯುತ್ತದೆ, ಅದರ ಹಿಂದೆ ತೋಳು. ಕೈ ಚಾಚುವ ಸ್ನಾಯು ಒಂದು ಕಡೆ ಎಳೆದರೆ ಮಡಚುವ ಸ್ನಾಯು ಇನ್ನೊಂದು ಕಡೆ ಎಳೆಯುತ್ತದೆ. ಒಂದು ಕಾಲು ಆಕ್ಸಿಲರೇಟರ್ ಮೇಲೆ, ಇನ್ನೊಂದು ಬ್ರೇಕ್ ಮೇಲೆ. ಕಲಿಯುವವರಿಗೆ ನಾನು ಹೇಳುವುದು ಇಷ್ಟು: ಕೈಯಲ್ಲಿ ಒಂದು ಗುಬ್ಬಿಮರಿ ಇದೆ ಅಂದುಕೊಂಡು ಹೊರಡಿ, ಕೊನೆಯ ಗೇಣಿನಲ್ಲಿ ಮುಷ್ಟಿ ಬಿಗಿಯಿರಿ, ಅದೇ ಹೊತ್ತಿಗೆ ಮೂಗಿನಿಂದ ಅಥವಾ ಹಲ್ಲಿನ ನಡುವಿನಿಂದ ಚುಟುಕಾಗಿ ಉಸಿರು ಬಿಡಿ. ಉಸಿರು ಹೊರಟಾಗ ಹೊಟ್ಟೆ ತಾನಾಗಿ ಬಿಗಿಯುತ್ತದೆ. ಆ ಬಿಗಿಯೇ ಸೊಂಟವನ್ನೂ ಭುಜವನ್ನೂ ಒಂದು ಮಾಡುವ ಕೊಂಡಿ.

ಹಿಕಿತೆ, ಅಂದರೆ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳುವುದು, ಹೊಸಬರಿಗೆ ಮುಂಡದ ತಿರುವು ಅರ್ಥ ಮಾಡಿಸುತ್ತದೆ. ಎದುರಾಳಿಯ ಕೈ ಹಿಡಿದು ಎಳೆಯುವಾಗ ಅದಕ್ಕೆ ನಿಜವಾದ ಕೆಲಸ ಇದೆ. ಬ್ಯಾಗಿನ ಮುಂದೆ ಆ ಕೈ ಗಲ್ಲದ ಹತ್ತಿರ ಇರಲಿ.

ಡಂಬೆಲ್ ಹಿಡಿದು ಪಂಚ್ ಮಾಡುವುದು ಬೇಡ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಭಾರ ಎಳೆಯುವುದು ಕೆಳಕ್ಕೆ, ನೀವು ಹೊಡೆಯುವುದು ಮುಂದಕ್ಕೆ. ಹಾಗಾಗಿ ಅದರಿಂದ ಭುಜಕ್ಕೆ ಎತ್ತಿ ಹಿಡಿಯುವ ಕಸರತ್ತು ಸಿಗುತ್ತದೆ, ಗುದ್ದಿಗೆ ಏನೂ ಸಿಗುವುದಿಲ್ಲ. ವೇಗ ತಗ್ಗುತ್ತದೆ, ಕೊನೆಯಲ್ಲಿ ಮೊಣಕೈ ಜಗ್ಗುತ್ತದೆ. ಬಲ ಬೇಕಾದರೆ ಸ್ಕ್ವಾಟ್, ಡೆಡ್‌ಲಿಫ್ಟ್ ಮಾಡಿ. ಮೆಡಿಸಿನ್ ಬಾಲನ್ನು ಪಕ್ಕಕ್ಕೆ ನಿಂತು ಗೋಡೆಗೆ ಎಸೆಯಿರಿ. ಹಗ್ಗ ಜಿಗಿಯಿರಿ. ಜಿಮ್ ದೂರ ಅನ್ನುವವರಿಗೆ ನಮ್ಮ ಗರಡಿಮನೆಯ ದಂಡ, ಬಸ್ಕಿ, ಗದೆ ಇದ್ದೇ ಇವೆ. ಅದರಲ್ಲೂ ಗದೆ ನನಗೆ ತುಂಬಾ ಇಷ್ಟ. ಭಾರವಾದ ಗದೆ ಬೆನ್ನ ಹಿಂದಿನಿಂದ ತಿರುಗಿ ಬರುವಾಗ ಅದನ್ನು ತಡೆದು ನಿಲ್ಲಿಸಬೇಕು. ಆಗ ಕಾಲು, ಸೊಂಟ, ಪಕ್ಕೆ ಮೂರೂ ಒಟ್ಟಿಗೆ ಬ್ರೇಕ್ ಹಾಕುವುದನ್ನು ಕಲಿಯುತ್ತವೆ. ಹಗುರವಾದದ್ದರಿಂದ ಶುರು ಮಾಡಿ, ಗೊತ್ತಿರುವ ಉಸ್ತಾದರ ಮುಂದೆಯೇ ಕಲಿಯಿರಿ.

ಮುಷ್ಟಿ ತಾಗಬೇಕಾದದ್ದು ತೋರುಬೆರಳು, ನಡುಬೆರಳುಗಳ ಬುಡದ ಎರಡು ದೊಡ್ಡ ಗೆಣ್ಣುಗಳಲ್ಲಿ. ಅವು ಮುಂಗೈಯ ಮೂಳೆಗೆ ಹೆಚ್ಚು ನೇರವಾಗಿವೆ. ಕಿರುಬೆರಳಿನ ಕಡೆಯ ಮೂಳೆ ತೆಳು, ಅಲುಗಾಡುವಂಥದ್ದು. ಅಲ್ಲಿ ಮುರಿಯುವುದು ಎಷ್ಟು ಸಾಮಾನ್ಯ ಅಂದರೆ ಡಾಕ್ಟರುಗಳು ಅದನ್ನು 'ಬಾಕ್ಸರ್ಸ್ ಫ್ರ್ಯಾಕ್ಚರ್' ಅಂತಲೇ ಕರೆಯುತ್ತಾರೆ. ನನ್ನ ಬಲಗೈಯಲ್ಲಿ ಆ ಗೆಣ್ಣು ಇವತ್ತಿಗೂ ಒಳಕ್ಕೆ ಕುಸಿದಿದೆ. 19ನೇ ವಯಸ್ಸಿನಲ್ಲಿ ಹ್ಯಾಂಡ್ ರ್ಯಾಪ್ ಕಟ್ಟದೇ ಬ್ಯಾಗಿಗೆ ಬೀಸಿ ಹೊಡೆದಾಗ ಆದದ್ದು. ರ್ಯಾಪ್ ಕಟ್ಟುವಾಗ ಗೆಣ್ಣಿಗಿಂತ ಜಾಸ್ತಿ ಸುತ್ತು ಮಣಿಕಟ್ಟಿಗೆ ಹಾಕಿ.

ನೋವು ಹೋದ ಮೇಲೆ ಮೊದಲ ಎರಡು ವಾರ ಅರ್ಧ ಬಲದಲ್ಲೇ ಹೊಡೆಯಿರಿ. ಒಂದೊಂದೇ ಪಂಚ್. ಹೊಡೆದ ಮೇಲೆ ಹಾಗೇ ನಿಂತು ನೋಡಿಕೊಳ್ಳಿ: ಮುಂಗಾಲಿನ ಮಂಡಿ ಎಲ್ಲಿದೆ, ತಲೆ ಎಲ್ಲಿದೆ, ಮೊಣಕೈ ಎಲ್ಲಿದೆ. ಮೂವತ್ತು ಪಂಚ್ ಸಾಕು, ದಣಿದ ಮೇಲೆ ಕಲಿಯುವುದು ತಪ್ಪನ್ನೇ. ಒಂದು ದಿನ ಗೆಳೆಯರ ಕೈಗೆ ಫೋನ್ ಕೊಟ್ಟು, ಪಕ್ಕದಿಂದ ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿಸಿ. ಆ ವಿಡಿಯೋದಲ್ಲಿ ಮುಷ್ಟಿಯನ್ನು ನೋಡಬೇಡಿ. ಪ್ಯಾಂಟಿನ ಬೆಲ್ಟನ್ನು ನೋಡಿ. ಬೆಲ್ಟ್ ಮೊದಲು ಹೊರಟಿತಾ? ಮುಷ್ಟಿ ಬ್ಯಾಗನ್ನು ಮುಟ್ಟುವ ಮೊದಲೇ ಅದು ನಿಂತಿತಾ? ಇಲ್ಲ, ಮುಷ್ಟಿಯ ಜೊತೆಗೇ ತೇಲುತ್ತಾ ಬ್ಯಾಗಿನವರೆಗೆ ಹೋಯಿತಾ? ಆ ವಿಡಿಯೋವನ್ನು ನಿಮ್ಮ ಸೆನ್ಸೈಗೂ ಕೋಚ್‌ಗೂ ತೋರಿಸಿ, ಇಬ್ಬರ ಬೆರಳೂ ನಿಮ್ಮ ಮುಂಗಾಲಿನ ಕಡೆಗೇ ಹೋಗಬಹುದು ಅಂತ ನನ್ನ ಊಹೆ.